ಕಬ್ಬಿಣಕ್ಕೆ ಹಚ್ಚಿದ ಕಲಾಯಿ

ಈದ್‌ನ ಮರುದಿನ ಮಿತ್ರರೊಬ್ಬರ ಮನೆಯಲ್ಲಿ ಐದಾರು ಮಂದಿ ಸೇರಿದ್ದೆವು. ಶೀರ್‌ಖುರ್ಮಾ ಮುಗಿದು ಚಹಾ ಬಂದಿತ್ತು. ಆಗಷ್ಟೇ ಮಲೇಷ್ಯಾ ನೋಡಿಕೊಂಡು ಬಂದಿದ್ದ ಒಬ್ಬರು ತಮ್ಮ ಫೋನಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಅವಳಿ ಗೋಪುರ, ಮಸೀದಿಗಳು, ಹಣ್ಣಿನ ಸಂತೆ ಎಲ್ಲ ಮುಗಿದ ಮೇಲೆ ಒಂದು ವಿಚಿತ್ರ ಚಿತ್ರ ಬಂತು. ಯಾರೋ ಒಂದು ತಗಡಿನ ಕಾರ್ಖಾನೆಯನ್ನು ತಂದು ಕೆರೆಯಲ್ಲಿ ತೇಲಿಬಿಟ್ಟಂತಿತ್ತು. ಅದರ ಮುಂದೆ ನಮ್ಮ ಮಿತ್ರರು ಟೋಪಿ ಹಾಕಿಕೊಂಡು ನಿಂತಿದ್ದರು. ಬ್ರಿಟಿಷರ ಕಾಲದ ತವರದ ಗಣಿಯ ಡ್ರೆಜ್ಜರ್ ಅದು.

‘ಇಂಗ್ಲಿಷರನ್ನು ಎಷ್ಟು ಬೇಕಾದರೂ ಬೈಯಿರಿ ಭಾಯಿ. ಆದರೆ 1938ರಲ್ಲೇ ಇಂಥದೊಂದನ್ನು ಕಟ್ಟಿ ನಿಲ್ಲಿಸಿದರಲ್ಲ! ನಮ್ಮವರ ಕೈಲಿ ಆಗುತ್ತಿತ್ತೇ?’ ಎಂದರು ಅವರು.

ಮೂಲೆಯಲ್ಲಿದ್ದ ಹಿರಿಯರೊಬ್ಬರಿಗೆ, ಅವರು ನಿವೃತ್ತ ಮೇಷ್ಟ್ರು, ಈ ಮಾತು ಹಿಡಿಸಲಿಲ್ಲ. ‘ಅದೆಲ್ಲ ಇರಲಿ. ಅವರು ಅಗೆದದ್ದು ತವರ ತಾನೇ? ಆ ತವರಕ್ಕೆ ಹೆಸರಿಟ್ಟವರೇ ನಮ್ಮ ಅರಬರು. ಕಲಾಯಿ ಅನ್ನುವ ಮಾತು ಎಲ್ಲಿಂದ ಬಂತು ಹೇಳಿ ನೋಡೋಣ’ ಎಂದರು.

ಹೀಗೆ ಒಂದೇ ಕೋಣೆಯಲ್ಲಿ ಎರಡು ಹೆಮ್ಮೆಗಳು ಎದುರುಬದುರಾಗಿ ಕುಳಿತವು. ಒಂದು ಸಾಹೇಬನ ಕಬ್ಬಿಣದ ಮೇಲಿನ ಹೆಮ್ಮೆ, ಇನ್ನೊಂದು ನಮ್ಮವರ ಶಬ್ದದ ಮೇಲಿನ ಹೆಮ್ಮೆ. ನಮಗೆ ಎರಡೂ ರುಚಿಸಲಿಲ್ಲ. ಹಬ್ಬದ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನೆ ಕುಳಿತೆವು. ಅಂದು ಚಹಾದ ಜೊತೆ ನುಂಗಿಕೊಂಡ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ಯಂತ್ರಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. ಅದು ಇರುವುದು ಪೆರಾಕ್ ರಾಜ್ಯದ ಕಿಂತಾ ಕಣಿವೆಯಲ್ಲಿ, ಬಾತು ಗಾಜಾ ಊರಿನ ಹತ್ತಿರ. ತಂಜುಂಗ್ ತುವಾಲಾಂಗ್‌ನ 5ನೇ ಡ್ರೆಜ್ಜರ್ ಎಂದು ಅದರ ಹೆಸರು. ಇಂಗ್ಲೆಂಡಿನ ಎಫ್. ಡಬ್ಲ್ಯು. ಪೇನ್ ಅಂಡ್ ಸನ್ ಎಂಬ ಸಂಸ್ಥೆ ಇದನ್ನು ಸದರ್ನ್ ಮಲಯನ್ ಟಿನ್ ಡ್ರೆಜಿಂಗ್ ಕಂಪನಿಗಾಗಿ 1938ರಲ್ಲಿ ನಿರ್ಮಿಸಿತು. ತೂಕ 4,500 ಟನ್. ಉದ್ದ 75 ಮೀಟರ್, ಅಗಲ 35 ಮೀಟರ್. 1982ರವರೆಗೂ ದುಡಿಯಿತು. ಅದರ ಮೂತಿಯಲ್ಲಿ ಕಬ್ಬಿಣದ ತೊಟ್ಟಿಗಳ ಸರಪಳಿಯೊಂದು ಸುತ್ತುತ್ತದೆ. ಒಂದೊಂದು ತೊಟ್ಟಿಯೂ ನೀರಿನ ತಳಕ್ಕಿಳಿದು ಕೆಸರು ಬಗೆದುಕೊಂಡು ಮೇಲೇರುತ್ತದೆ, ಮೇಲಂತಸ್ತಿನಲ್ಲಿ ಸುರಿಯುತ್ತದೆ. ಅಲ್ಲಿ ಜರಡಿ, ಅಲ್ಲಿಂದ ನೀರಿನಲ್ಲಿ ಕುಲುಕುವ ಪೆಟ್ಟಿಗೆಗಳು. ಭಾರವಾದ ಅದಿರು ಕೆಳಗೆ ಕೂರುತ್ತದೆ. ಮರಳು, ಮಣ್ಣು, ಕಲ್ಲು ಹಿಂಬದಿಯಿಂದ ಹೊರಗೆ ಬೀಳುತ್ತವೆ. ಮುಂದೆ ಅಗೆಯುತ್ತ, ಹಿಂದೆ ತುಂಬುತ್ತ, ತಾನು ತೇಲುವ ಕೆರೆಯನ್ನೂ ಜೊತೆಗೇ ಎಳೆದುಕೊಂಡು ಈ ಯಂತ್ರ ಮೈಲಿಗಟ್ಟಲೆ ನಡೆಯುತ್ತದೆ. ಇದನ್ನು ಯೋಚಿಸಿದ ತಲೆ ಸಾಮಾನ್ಯದ್ದಲ್ಲ. ಒಪ್ಪುತ್ತೇವೆ.

ಆದರೆ ಈ ಯಂತ್ರದ ಹೊಟ್ಟೆಯೊಳಗೆ ನಡೆಯುವ ಕೆಲಸವಾದರೂ ಯಾವುದು? ನಮ್ಮ ಅಮ್ಮಂದಿರು ಅಕ್ಕಿ ಜಾಲಿಸುತ್ತಿದ್ದುದನ್ನು ನೆನಪು ಮಾಡಿಕೊಳ್ಳಿ. ಬೋಗುಣಿಯಲ್ಲಿ ನೀರು ಹಾಕಿ ಮೆಲ್ಲಗೆ ತಿರುಗಿಸುತ್ತಿದ್ದರೆ ಅಕ್ಕಿ ಈ ಕಡೆ, ಕಲ್ಲು ಆ ಕಡೆ. ತವರದ ಅದಿರು ಮರಳಿಗಿಂತ ಎರಡೂವರೆ ಪಟ್ಟು ಭಾರ. ಮಲಯದಲ್ಲಿ ಅದು ಬಹುಪಾಲು ಕಣಿವೆಯ ಮೆಕ್ಕಲು ಮಣ್ಣಿನಲ್ಲಿ ಸೇರಿಕೊಂಡಿರುತ್ತದೆ. ನೀರಿನಲ್ಲಿ ಜಾಲಿಸಿದರೆ ಭಾರವಾದದ್ದು ಉಳಿಯುತ್ತದೆ, ಹಗುರಾದದ್ದು ಹರಿದುಹೋಗುತ್ತದೆ. ಆ ನಾಡಿನ ತವರದ ವಿದ್ಯೆಯೆಲ್ಲ ಇಷ್ಟೇ. ದುಲಾಂಗ್ ಎಂಬ ಮರದ ಅಗಲ ತಟ್ಟೆಯನ್ನು ಹಿಡಿದು ಮೊಣಕಾಲುದ್ದ ನೀರಿನಲ್ಲಿ ಬಾಗಿ ನಿಂತ ಹೆಂಗಸು ಮಾಡುತ್ತಿದ್ದುದೂ ಇದನ್ನೇ, 4,500 ಟನ್ನಿನ ಯಂತ್ರ ಮಾಡುತ್ತಿದ್ದುದೂ ಇದನ್ನೇ. ‘ನಮ್ಮವರ ಕೈಲಿ ಆಗುತ್ತಿತ್ತೇ’ ಎಂದು ಕೇಳುವವರಿಗೆ, ಆಗುತ್ತಿತ್ತು, ಆಗಿತ್ತು, ಯಂತ್ರ ಬರುವ ಎಷ್ಟೋ ಕಾಲ ಮೊದಲೇ ಆಗುತ್ತಿತ್ತು ಎಂಬುದೇ ಉತ್ತರ.

ಲಾರುತ್ ಕಣಿವೆಯ ಗಣಿಗಳನ್ನು ನೋಡಿ. 1840ರ ದಶಕದಲ್ಲಿ ಮಲಯ್ ಮುಖಂಡ ಲಾಂಗ್ ಜಾಫರ್ ಅಲ್ಲಿ ತವರದ ಕೆಲಸ ಆರಂಭಿಸಿದ. ಕಳೆದುಹೋದ ಆತನ ಆನೆ ಸಿಕ್ಕಿದಾಗ ಅದರ ಕಾಲಿಗೆ ಮೆತ್ತಿದ ಕೆಸರಿನಲ್ಲಿ ಅದಿರು ಹೊಳೆಯುತ್ತಿತ್ತು ಎಂಬ ಕಥೆಯನ್ನು ಆ ಕಡೆಯ ಮಕ್ಕಳೆಲ್ಲ ಹೇಳುತ್ತಾರೆ. ಗಣಿಗಿಳಿದು ದುಡಿದವರು ಚೀನಾದಿಂದ ಬಂದ ಕೂಲಿಗಳು. ಅವರ ಕೈಲಿದ್ದ ಹತಾರಗಳು ಇವು: ಚಂಕೋಲ್ ಎಂಬ ಅಗಲ ಬಾಯಿಯ ಗುದ್ದಲಿ, ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ತುದಿಗೆ ಬುಟ್ಟಿ. ಗುಂಡಿಯಿಂದ ಮೇಲೆ ಬರಲು ಮೆಟ್ಟಿಲಂತೆ ಕಚ್ಚು ಹಾಕಿದ ಮರದ ದಿಮ್ಮಿ. ಗುಂಡಿಯಲ್ಲಿ ಜಿನುಗುವ ನೀರನ್ನು ಎತ್ತಲು ಚಿನ್-ಚಿಯಾ ಎಂಬ ಮರದ ಯಂತ್ರ. ಉದ್ದನೆಯ ದೋಣಿಯೊಳಗೆ ಮರದ ಹಲಗೆಗಳ ಸರಪಳಿ ಹರಿಯುತ್ತದೆ, ನೀರಿನ ಚಕ್ರ ಅದನ್ನು ತಿರುಗಿಸುತ್ತದೆ, ಒಂದೊಂದು ಹಲಗೆಯೂ ಒಂದಿಷ್ಟು ನೀರನ್ನು ಮೇಲಕ್ಕೆ ತಳ್ಳುತ್ತದೆ. ಊರಿನ ಬಡಗಿ ಕಾಡಿನ ಮರದಿಂದ ಕಟ್ಟಬಹುದಾದದ್ದು, ಮುರಿದರೆ ಅಲ್ಲೇ ರಿಪೇರಿ ಮಾಡಬಹುದಾದದ್ದು. ಪೇನ್ ಸಾಹೇಬರ ತೊಟ್ಟಿಗಳ ಸರಪಳಿಯನ್ನು ಕಂಡು ಬೆರಗಾಗುವವರು ಈ ಹಲಗೆಗಳ ಸರಪಳಿಯನ್ನೂ ಒಮ್ಮೆ ನೋಡಬೇಕು. ಎರಡಕ್ಕೂ ಹೋಲಿಕೆ ಇಲ್ಲವೇ?

ಇನ್ನು ಚೀನೀಯರು ಹಳೆಯದಕ್ಕೇ ಜೋತುಬಿದ್ದಿದ್ದರು, ಹೊಸ ಯಂತ್ರವೆಂದರೆ ಅಂಜುತ್ತಿದ್ದರು ಎಂಬ ಮಾತೂ ಇದೆ. ಸುಳ್ಳು. 1870ರ ದಶಕದ ಕೊನೆಯಲ್ಲಿ ಹಬೆಯಂತ್ರ ಮತ್ತು ನೀರೆತ್ತುವ ಪಂಪು ಲಾರುತ್‌ಗೆ ಬಂದಾಗ ಅವನ್ನು ಮೊದಲು ತಮ್ಮ ಗಣಿಗೆ ಹಾಕಿಸಿಕೊಂಡವರಲ್ಲಿ ಚೀನೀಯರ ಮುಖಂಡ ಚುಂಗ್ ಕೆಂಗ್ ಕ್ವೀ ಒಬ್ಬ. ಆಮೇಲೆ ಗ್ರಾವೆಲ್ ಪಂಪು ಬಂತು. ನೀರಿನ ಜೋರಾದ ಧಾರೆಯಿಂದ ಗುಡ್ಡವನ್ನು ಕರಗಿಸಿ, ಆ ಕೆಸರನ್ನು ಪಂಪಿನಿಂದ ಎತ್ತಿ, ಪಾಲೋಂಗ್ ಎಂಬ ಉದ್ದನೆಯ ಮರದ ಕಾಲುವೆಯ ತಲೆಗೆ ಬಿಡುತ್ತಾರೆ. ಕೆಸರು ಇಳಿಜಾರಿನಲ್ಲಿ ಹರಿದು ಬರುವಾಗ ಅಡ್ಡಪಟ್ಟಿಗಳ ಹಿಂದೆ ಅದಿರು ನಿಲ್ಲುತ್ತದೆ. ಪಂಪು ಪಶ್ಚಿಮದ್ದು, ಕಾಲುವೆ ಮತ್ತು ಅದನ್ನು ಹೊತ್ತ ಮರದ ಅಟ್ಟಣಿಗೆ ಪೂರ್ವದ್ದು. ಈ ಬೆರಕೆ ಎಷ್ಟು ಗಟ್ಟಿಯಾಗಿತ್ತೆಂದರೆ 1970ರ ದಶಕದಲ್ಲೂ ಮಲೇಷ್ಯಾದ ತವರದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಗ್ರಾವೆಲ್ ಪಂಪಿನ ಗಣಿಗಳಿಂದಲೇ ಬರುತ್ತಿತ್ತು. ಡ್ರೆಜ್ಜರ್‌ಗಳಿಂದಲ್ಲ! ನಮ್ಮ ಪ್ರವಾಸಿ ಮಿತ್ರರಿಗೆ ಇದನ್ನು ಹೇಳಿದರೆ ನಂಬಲಿಕ್ಕಿಲ್ಲ. ದೊಡ್ಡದು ಕಣ್ಣಿಗೆ ಬೀಳುತ್ತದೆ, ಅದೇ ಎಲ್ಲವನ್ನೂ ಮಾಡಿರಬೇಕು ಎನಿಸುತ್ತದೆ.

ಹಾಗಾದರೆ ಡ್ರೆಜ್ಜರ್ ಏತಕ್ಕೆ ಬಂತು? ಜೌಗು ನೆಲದಲ್ಲಿ, ಕಡಿಮೆ ಅದಿರಿರುವ ಮಣ್ಣಿನಲ್ಲಿ ಅದು ಅಗ್ಗವಾಗಿ ಕೆಲಸ ಮಾಡುತ್ತದೆ, ಅದು ನಿಜ. ಆದರೆ ಅದಕ್ಕೆ ಎರಡು ಬೇಕು. ಒಂದು, ಲಂಡನ್ನಿನಲ್ಲಿ ಷೇರು ಮಾರಿ ಎತ್ತಿದ ಬಂಡವಾಳ. ಎರಡು, ಒಂದೇ ಕೈಯಲ್ಲಿರುವ ನೂರಾರು, ಸಾವಿರಾರು ಎಕರೆ ನೆಲ. ನಾಲ್ಕೆಕರೆ ಗಣಿಯವನಿಗೆ ಡ್ರೆಜ್ಜರ್ ಪುಕ್ಕಟೆ ಕೊಟ್ಟರೂ ಅದನ್ನು ತಿರುಗಿಸಲು ಜಾಗವಿಲ್ಲ. ಆ ನೆಲವನ್ನು ಯಾರಿಗೆ ಗುತ್ತಿಗೆ ಕೊಡಬೇಕೆಂದು ತೀರ್ಮಾನಿಸುತ್ತಿದ್ದುದು ಬ್ರಿಟಿಷ್ ರೆಸಿಡೆಂಟರ ಆಡಳಿತ. ಆದ್ದರಿಂದ ಯಂತ್ರದ ಕಥೆಯನ್ನು ಕಾರ್ಖಾನೆಯಿಂದಲ್ಲ, ಕೋವಿಯಿಂದ ಆರಂಭಿಸಬೇಕು.

1873ರಲ್ಲಿ ಲಾರುತ್‌ನ ಗಣಿಗಳಲ್ಲಿ ಚೀನೀಯರ ಎರಡು ಬಣಗಳು ಬಡಿದಾಡಿಕೊಂಡಿದ್ದವು. ಲಾಂಗ್ ಜಾಫರನ ಮಗ ಙಾ ಇಬ್ರಾಹಿಂ ತನ್ನ ಅಧಿಕಾರ ಉಳಿಸಿಕೊಳ್ಳಲು ಕ್ಯಾಪ್ಟನ್ ಸ್ಪೀಡಿ ಎಂಬ ಇಂಗ್ಲಿಷನನ್ನು ನೇಮಿಸಿಕೊಂಡ. ಸ್ಪೀಡಿ ಸಿಪಾಯಿಗಳನ್ನು ತಂದದ್ದು ಎಲ್ಲಿಂದ? ನಮ್ಮ ಹಿಂದೂಸ್ತಾನದಿಂದ. ಸುಮಾರು 110 ಮಂದಿ ಸಿಖ್ಖರು ಮತ್ತು ಪಠಾಣರು, ಜೊತೆಗೆ ಕೃಪ್ ತೋಪುಗಳು. ಮರುವರ್ಷ, 1874ರ ಜನವರಿಯಲ್ಲಿ, ಪಂಗ್ಕೋರ್ ಒಪ್ಪಂದವಾಗಿ ಪೆರಾಕ್‌ಗೆ ಬ್ರಿಟಿಷ್ ರೆಸಿಡೆಂಟ್ ಬಂದ. ಮೊದಲ ರೆಸಿಡೆಂಟ್ ಬರ್ಚ್ 1875ರ ನವೆಂಬರಿನಲ್ಲಿ ಕೊಲೆಯಾದ. ದಂಡು ಬಂತು. ಸುಲ್ತಾನ್ ಅಬ್ದುಲ್ಲಾನನ್ನೂ ಙಾ ಇಬ್ರಾಹಿಂನನ್ನೂ ಸೀಶೆಲ್ಸ್ ದ್ವೀಪಕ್ಕೆ ಗಡಿಪಾರು ಮಾಡಿದರು. ಕಾಸು ಕೊಟ್ಟು ಕರೆಸಿಕೊಂಡ ಸ್ಪೀಡಿ ಬ್ರಿಟಿಷ್ ಅಧಿಕಾರಿಯಾದ, ಅವನು ತಂದ ಸಿಪಾಯಿಗಳು ಪೆರಾಕ್‌ನ ಪೊಲೀಸರಾದರು. ನಮ್ಮ ಪಠಾಣನ ಬಂದೂಕೂ ತವರದ ಗಣಿಯ ಹತಾರವೇ. ಅದನ್ನು ಯಾವ ಕಪಾಟಿನಲ್ಲಿಡುತ್ತಾರೋ ನಮಗೆ ಗೊತ್ತಾಗುತ್ತಿಲ್ಲ.

‘ರೈಲು ಹಾಕಿದರು’ ಎಂಬ ಮಾತು ನಮ್ಮಲ್ಲಿಯೂ ಉಂಟು, ಅಲ್ಲಿಯೂ ಉಂಟು. ಆ ನಾಡಿನ ಮೊದಲ ರೈಲು 1885ರಲ್ಲಿ ಓಡಿತು. ಗಣಿಯ ಊರು ತೈಪಿಂಗ್‌ನಿಂದ ಕಡಲಂಚಿನ ಪೋರ್ಟ್ ವೆಲ್ಡ್‌ಗೆ, ಎಂಟೇ ಮೈಲಿ. ಎಂಟು ಮೈಲಿಯ ರೈಲಿನಲ್ಲಿ ಯಾರ ಅತ್ತೆಮನೆಗೆ ಹೋಗುವುದು? ತವರ ಹಡಗಿಗೆ ಸೇರಬೇಕಿತ್ತು, ಅಷ್ಟೆ. ಅದರ ದುಡ್ಡಾದರೂ ಯಾರದು? ತವರದ ರಫ್ತು ಸುಂಕ ಮತ್ತು ಅಫೀಮಿನ ಗುತ್ತಿಗೆ, ಇವೆರಡೂ ಆ ಸರ್ಕಾರದ ಬೊಕ್ಕಸದ ಕಂಬಗಳು. ಕೂಲಿ ಅಗೆದ ತವರದ ಮೇಲೂ ತೆರಿಗೆ, ಮೈಕೈ ನೋವಿಗೆಂದು ಅದೇ ಕೂಲಿ ಸಂಜೆ ಸೇದುವ ಅಫೀಮಿನ ಮೇಲೂ ತೆರಿಗೆ. ಚೀನೀಯರ ದುಡಿಮೆಯೇ ಈ ರಾಜ್ಯಗಳನ್ನು ಕಟ್ಟಿತೆಂದು ಅಲ್ಲಿ ಬಹುಕಾಲ ಆಳಿದ ಫ್ರಾಂಕ್ ಸ್ವೆಟನ್‌ಹ್ಯಾಮ್‌ನೇ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. ಸಾಹೇಬನೇ ಒಪ್ಪಿದ್ದನ್ನು ನಮ್ಮ ಮಿತ್ರರು ಒಪ್ಪುವುದಿಲ್ಲ.

ಕಾನೂನಿನ ಕೈಚಳಕವನ್ನೂ ಹೇಳಬೇಕು. 1887ರಲ್ಲಿ ಸ್ಥಾಪನೆಯಾದ ಸ್ಟ್ರೈಟ್ಸ್ ಟ್ರೇಡಿಂಗ್ ಕಂಪನಿ ಸಿಂಗಾಪುರದ ಪುಲಾವ್ ಬ್ರಾನಿಯಲ್ಲಿ ದೊಡ್ಡ ಕುಲುಮೆ ಹಾಕಿ ಮಲಯದ ಅದಿರನ್ನೆಲ್ಲ ಕೊಂಡು ಕರಗಿಸತೊಡಗಿತು. ಮರದಿದ್ದಿಲಿನಿಂದ ಉರಿಯುತ್ತಿದ್ದ ಚೀನೀಯರ ಸಣ್ಣ ಕುಲುಮೆಗಳು ಒಂದೊಂದಾಗಿ ಆರಿದವು. ಇದನ್ನು ಪೈಪೋಟಿ ಎಂದು ಬಿಡೋಣ. ಆದರೆ 1903ರ ಸುಮಾರಿಗೆ ಅಮೆರಿಕದವರು ನ್ಯೂಜೆರ್ಸಿಯಲ್ಲಿ ಕುಲುಮೆ ಹಾಕಿ ಮಲಯದ ಅದಿರು ಕೊಳ್ಳಲು ಹೊರಟಾಗ ಏನಾಯಿತು? ಬ್ರಿಟಿಷರ ಕುಲುಮೆಗಳಿಗೆ ಹೋಗದ ಅದಿರಿನ ಮೇಲೆ ಯಾರೂ ತೆರಲಾಗದಷ್ಟು ರಫ್ತು ಸುಂಕ ಹೇರಿದರು. ಮುಕ್ತ ವ್ಯಾಪಾರವೆಂದು ಜಗತ್ತಿಗೆಲ್ಲ ಬೋಧಿಸಿದವರು ಇವರು! ಡ್ರೆಜ್ಜರ್ ಕಿಂತಾ ಕಣಿವೆಗೆ ಇಳಿದದ್ದು ಇದಾಗಿ ಹತ್ತು ವರ್ಷಕ್ಕೆ, 1912-13ರ ಹೊತ್ತಿಗೆ. 1910ರಲ್ಲಿ ಮಲಯದ ತವರದ ಮುಕ್ಕಾಲಿಗಿಂತ ಹೆಚ್ಚು ಪಾಲು ಚೀನೀಯರ ಗಣಿಗಳದ್ದಾಗಿತ್ತು. 1930ಕ್ಕೆ ಅದು ತಿರುಗುಮುರುಗಾಗಿ ಸುಮಾರು ಮೂರನೇ ಎರಡು ಪಾಲು ಯುರೋಪಿಯನ್ ಕಂಪನಿಗಳದ್ದಾಯಿತು. ಇದನ್ನು ಯಂತ್ರದ ಗೆಲುವು ಎಂದು ಬರೆಯುವವರು ನೆಲದ ಗುತ್ತಿಗೆ, ಸುಂಕ, ಷೇರುಪೇಟೆ ಎಲ್ಲವನ್ನೂ ಆ ಯಂತ್ರದ ಕೆರೆಯಲ್ಲೇ ಮುಳುಗಿಸಿಬಿಡುತ್ತಾರೆ.

ಈಗ ನಮ್ಮ ಹಿರಿಯ ಮೇಷ್ಟ್ರ ಮಾತಿಗೆ ಬರೋಣ. ಅವರು ಹೇಳಿದ್ದು ಸರಿಯೇ. ಅರಬರ ಭೂಗೋಳ ಗ್ರಂಥಗಳಲ್ಲಿ ಕಲಾಹ್ ಎಂಬ ಬಂದರಿನ ಹೆಸರು ಬರುತ್ತದೆ. 10ನೇ ಶತಮಾನದ ಅಬೂ ದುಲಫ್ ಅಲ್ಲಿನ ತವರದ ಗಣಿಯನ್ನು ಹೇಳುತ್ತಾನೆ. ಅದು ಮಲಯದ ಪಶ್ಚಿಮ ಕರಾವಳಿಯಲ್ಲಿ, ಇಂದಿನ ಕೆದಾಹ್ ಕಡೆ ಇತ್ತೆಂದು ಬಹಳ ವಿದ್ವಾಂಸರ ಅಭಿಪ್ರಾಯ. ಕಲಾಹ್‌ನಿಂದ ಬಂದದ್ದು ಕಲಈ. ಅದು ಅರಬ್ಬಿಯಿಂದ ಫಾರಸಿಗೆ, ಫಾರಸಿಯಿಂದ ಉರ್ದುವಿಗೆ, ಹಾಗೆಯೇ ಕನ್ನಡಕ್ಕೂ ಬಂದು ನಮ್ಮ ತಾಮ್ರದ ಪಾತ್ರೆಗಳ ಒಳಮೈಗೆ ಅಂಟಿಕೊಂಡು ಕಲಾಯಿಯಾಯಿತು. ಎಲ್ಲಿಯದೋ ಒಂದು ಊರಿನ ಹೆಸರನ್ನು ತುಮಕೂರಿನ ಅಜ್ಜಿಯೂ ಬೀದರಿನ ನಾನಿಯೂ ದಿನನಿತ್ಯ ಬಾಯಲ್ಲಿ ಆಡುತ್ತಿದ್ದರು. ಚಂದದ ಸಂಗತಿ, ಅದಕ್ಕೆ ಸಂತೋಷಪಡೋಣ.

ಹೆಮ್ಮೆ ಯಾಕೆ ಪಡಬೇಕು? ಹೆಸರು ಕೊಟ್ಟವನು ಅಗೆದವನಲ್ಲ. ಇನ್ನೊಂದು ಕಥೆಯನ್ನೂ ಮೇಷ್ಟ್ರಿಗೆ ಹೇಳಬೇಕಾಗುತ್ತದೆ. 1857ರಲ್ಲಿ ಕ್ಲಾಂಗ್ ನದಿಯ ಮೇಲ್ಭಾಗದ ಅಂಪಾಂಗ್ ಕಾಡಿಗೆ ತವರ ಅಗೆಯಲು 87 ಮಂದಿ ಚೀನೀ ಕೂಲಿಗಳನ್ನು ಕಳಿಸಿದರು. ಒಂದು ತಿಂಗಳ ಹೊತ್ತಿಗೆ ಜೀವಂತ ಉಳಿದವರು 18 ಮಂದಿ. ಉಳಿದವರನ್ನು ಜ್ವರ ನುಂಗಿತು. ಕಳಿಸಿದವನು ಯಾವ ಇಂಗ್ಲಿಷನೂ ಅಲ್ಲ, ರಾಜಾ ಅಬ್ದುಲ್ಲಾ, ಕಲ್ಮಾ ಓದುವವನು, ನಮಾಜು ಮಾಡುವವನು. ಸತ್ತವರ ಜಾಗಕ್ಕೆ ಇನ್ನಷ್ಟು ಕೂಲಿಗಳು ಹೋದರು. ಅವರು ಸಾಮಾನು ಇಳಿಸುತ್ತಿದ್ದ ನದಿಯ ಸಂಗಮವೇ ಬೆಳೆದು ಕ್ವಾಲಾಲಂಪುರವಾಯಿತು. ನಮ್ಮ ಮಿತ್ರರ ಅವಳಿ ಗೋಪುರದ ಚಿತ್ರ ತೆಗೆದದ್ದು ಅಲ್ಲಿಯೇ. ಕೂಲಿಯ ಬೆವರು ಆರುವ ಮುನ್ನ ಕೂಲಿ ಕೊಡು ಎಂಬ ಹದೀಸನ್ನು ನಾವು ಜುಮಾ ಖುತ್ಬಾದಲ್ಲಿ ಎಷ್ಟು ಸಲ ಕೇಳಿಲ್ಲ? ಇಲ್ಲಿ ಬೆವರಲ್ಲ, ಹೆಣವೇ ಆರಿಹೋಯಿತು. ಸಾಮ್ರಾಜ್ಯಶಾಹಿಯ ವಿರುದ್ಧ ಬರೆಯುವಾಗ ನಮ್ಮ ಹೆಸರಿನವರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿಬಿಡುವ ಚಾಳಿ ನಮ್ಮ ಪತ್ರಿಕೆಗಳಿಗೂ ಇದೆ, ನಮಗೂ ಇದೆ. ಅದನ್ನು ಬಿಡದೆ ಸಾಹೇಬನನ್ನು ಬೈಯುವ ಹಕ್ಕು ಬರುವುದಿಲ್ಲ.

ಕೂಲಿಗಳನ್ನು ಕೊಂದದ್ದು ಜ್ವರ ಮಾತ್ರವಲ್ಲ. ಬೆರಿಬೆರಿ ಎಂಬ ಕಾಲೂದುವ ರೋಗ ಅವರ ಬಿಡಾರಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಪಾಲಿಶ್ ಮಾಡಿದ ಬಿಳಿ ಅಕ್ಕಿಯೇ ಅದಕ್ಕೆ ಕಾರಣವೆಂದು 20ನೇ ಶತಮಾನದ ಆರಂಭದಲ್ಲಿ ಮಲಯದಲ್ಲೇ ನಡೆದ ಸಂಶೋಧನೆ ತೋರಿಸಿತು. ನೆಲಕ್ಕೂ ಬಿಡುಗಡೆ ಇರಲಿಲ್ಲ. ಗಣಿಯಿಂದ ಹರಿದ ಹೂಳು ನದಿಗಳ ಪಾತ್ರವನ್ನೇ ಎತ್ತರಿಸಿತು. ಸೆಲಂಗೋರ್‌ನ ಕ್ವಾಲಾ ಕುಬು ಎಂಬ ಪೇಟೆ ಪ್ರವಾಹ, ಹೂಳುಗಳಲ್ಲಿ ಹೂತುಹೋಗಿ, 1930ರ ಹೊತ್ತಿಗೆ ಇಡೀ ಪೇಟೆಯನ್ನೇ ಬೇರೆಡೆ ಹೊಸದಾಗಿ ಕಟ್ಟಬೇಕಾಯಿತು.

ಈ ಎಲ್ಲದರ ಕೊನೆಯ ಸಾಲಿನಲ್ಲಿ ದುಲಾಂಗ್ ಹಿಡಿದ ಹೆಂಗಸರಿದ್ದರು. ಹೆಚ್ಚಿನವರು ಚೀನೀಯರು, ಅವರಲ್ಲೂ ಹಕ್ಕಾ ಪಂಗಡದವರು. ದೊಡ್ಡ ಗಣಿ ಬಿಟ್ಟ ನೀರಿನಲ್ಲಿ, ಯಂತ್ರ ಬಿಸಾಡಿದ ಮರಳಿನಲ್ಲಿ, ಬಿಸಿಲು ತಾಗದಂತೆ ತಲೆಗೆ ಅಗಲ ಟೊಪ್ಪಿ ಕಟ್ಟಿ, ಬೆಳಗಿನಿಂದ ಸಂಜೆವರೆಗೆ ಸೊಂಟ ಬಾಗಿಸಿ ಜಾಲಿಸುತ್ತಿದ್ದರು. ಯಂತ್ರದ ಕಣ್ಣು ತಪ್ಪಿಸಿಕೊಂಡ ಅದಿರಿನ ಕಾಳು ಇವರ ತಟ್ಟೆಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಇಷ್ಟಕ್ಕೂ ಸರ್ಕಾರದ ಪಾಸು ಬೇಕಿತ್ತು. ಪಾಸಿಲ್ಲದೆ ನೀರಿಗಿಳಿದರೆ ಅಪರಾಧ. ನದಿಯ ನೀರಿನಲ್ಲಿ ಮರದ ತಟ್ಟೆ ತಿರುಗಿಸಲು ಪರವಾನಗಿ! 1931ರಲ್ಲಿ ತವರದ ಬೆಲೆ ಕುಸಿದು ಮಲಯ, ಬೊಲಿವಿಯಾ, ನೈಜೀರಿಯಾ, ಡಚ್ಚರ ಈಸ್ಟ್ ಇಂಡೀಸ್ ಎಲ್ಲ ಸೇರಿ ಯಾರು ಎಷ್ಟು ತೆಗೆಯಬೇಕೆಂದು ಪಾಲು ಹಂಚಿಕೊಂಡವು. ಆ ಮೇಜಿನ ಸುತ್ತ ದುಲಾಂಗ್ ಹೆಂಗಸರ ಪರ ಕೂತವರು ಯಾರೂ ಇರಲಿಲ್ಲ.

ಇಲ್ಲೊಂದು ಆಕ್ಷೇಪಣೆ ಬರಬಹುದು. ಆ ದೇಶದವರು ಇದನ್ನೆಲ್ಲ ಮರೆತಿಲ್ಲ, ಕಂಪಾರ್ ಊರಿನಲ್ಲಿ ಗ್ರಾವೆಲ್ ಪಂಪಿನ ಗಣಿಯನ್ನೇ ತೋರಿಸುವ ಮ್ಯೂಸಿಯಂ ಇದೆ, ಇಪೋದಲ್ಲಿ ಹಕ್ಕಾ ಗಣಿಗಾರರ ಹಳೆಯ ಕ್ಲಬ್ಬಿನ ಮನೆಯನ್ನು ಅಫೀಮು, ಜೂಜು ಸಮೇತ ತೋರಿಸುತ್ತಾರೆ ಎಂದು. ನಿಜ. ಆ ಕೆಲಸ ಮಾಡಿದವರಿಗೆ ಸಲಾಂ. ಅವರಲ್ಲಿ ಹೆಚ್ಚಿನವರು ಖಾಸಗಿಯವರು, ತಮ್ಮ ಅಜ್ಜಂದಿರ ಋಣ ತೀರಿಸಲು ಹೊರಟವರು. ನಮ್ಮ ತಕರಾರು ಅವರ ಮೇಲಲ್ಲ. ಯಂತ್ರವನ್ನು ಮಾತ್ರ ನೋಡಿ, ಅದರ ಉದ್ದ, ತೂಕ, ಇಸವಿಯನ್ನು ಬಾಯಿಪಾಠ ಮಾಡಿಕೊಂಡು, ‘ಇಂಗ್ಲಿಷರು ಇಲ್ಲದಿದ್ದರೆ’ ಎಂದು ಊರಿಗೆ ಬಂದು ಹೇಳುವ ನಮ್ಮವರ ಮೇಲೆ. ಯಂತ್ರವನ್ನು ಕೆಡವಿ ಎಂದೂ ನಾವು ಹೇಳುತ್ತಿಲ್ಲ. ಅದು ನಿಲ್ಲಲಿ. ಅದರ ಮುಂದೆ ನಿಂತವನು ಇದು ಯಾರ ನೆಲದ ಮೇಲೆ ತೇಲಿತು, ಇದರ ಲಾಭಾಂಶ ಯಾವ ಊರಿಗೆ ಹೋಯಿತು, ಇದರ ಹಿಂದೆ ಬಿದ್ದ ಮರಳನ್ನು ಯಾರು ಜಾಲಿಸಿದರು ಎಂಬ ಮೂರು ಪ್ರಶ್ನೆ ಕೇಳಲಿ.

ಯಂತ್ರ ಪ್ರಗತಿಯ ಗುರುತು ಎನ್ನುವವರಿಗೆ ನೈಜೀರಿಯಾದ ಉದಾಹರಣೆ ಸಾಕು. 1942ರಲ್ಲಿ ಜಪಾನ್ ಮಲಯವನ್ನು ಹಿಡಿಯಿತು. ಡ್ರೆಜ್ಜರ್‌ಗಳು ಬ್ರಿಟಿಷರ ಕೈತಪ್ಪಿದವು. ಯುದ್ಧಕ್ಕೆ ತವರ ಬೇಕು. ಆಗ ಅವರು ನೈಜೀರಿಯಾದ ಜೋಸ್ ಪ್ರಸ್ಥಭೂಮಿಯ ಕಡೆ ತಿರುಗಿದರು. ಅಲ್ಲಿಯೂ ಕಂಪನಿಗಳು ಬರುವ ಮೊದಲು ಹೌಸಾ ಮನೆತನಗಳು ತವರ ಕರಗಿಸಿ ತೆಳ್ಳನೆಯ ಕಡ್ಡಿಗಳಾಗಿ ಎರಕ ಹೊಯ್ದು ಮಾರುತ್ತಿದ್ದವು. ಕಂಪನಿಗಳ ಕಾಲದಲ್ಲಿ ಆ ಕುಲುಮೆಗಳು ಆರಿಹೋದವು. 1942ರಿಂದ 44ರವರೆಗೆ ಆ ಗಣಿಗಳಿಗೆ ಸುಮಾರು ಒಂದು ಲಕ್ಷ ರೈತರನ್ನು ಬಲವಂತವಾಗಿ ಎಳೆದು ತಂದರು. ಕೈಗೆ ಕೊಟ್ಟದ್ದು ಸಲಿಕೆ, ತಲೆಗೆ ಕೊಟ್ಟದ್ದು ಕಬ್ಬಿಣದ ಬಾಂಡ್ಲಿ. ನಮ್ಮ ಗಾರೆ ಕೆಲಸದವರು ಹೊರುತ್ತಾರಲ್ಲ, ಅಂಥದೇ ಬಾಂಡ್ಲಿ. ಹಸಿವು, ಚಳಿ, ರೋಗಗಳಿಂದ ಬಹಳ ಜನ ಸತ್ತರು, ಬಹಳ ಜನ ಓಡಿಹೋದರು. ಜನರನ್ನು ಎಣಿಸಿ ಕಳಿಸುವ ಹೊಣೆ ಸ್ಥಳೀಯ ಆಡಳಿತದ ಮೇಲೆ, ಅಂದರೆ ಉತ್ತರದ ಪ್ರಾಂತಗಳಲ್ಲಿ ನಮ್ಮವರೇ ಆದ ಅಮೀರರ ಮೇಲೆ ಬಿತ್ತು. ಅವರು ಕಳಿಸಿದರು. ಮಲಯದಲ್ಲಿ 4,500 ಟನ್ನಿನ ಯಂತ್ರ, ಜೋಸ್‌ನಲ್ಲಿ ತಲೆಯ ಮೇಲಿನ ಬಾಂಡ್ಲಿ, ಎರಡನ್ನೂ ನಡೆಸಿದ್ದು ಒಂದೇ ಸಾಮ್ರಾಜ್ಯ. ಯಾವುದು ಅಗ್ಗವೋ ಅದು.

ನಮ್ಮ ರಾಜ್ಯಕ್ಕೂ ಈ ಕಥೆಯ ಒಂದು ಎಳೆ ಬಂದಿದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ ತವರ ಮತ್ತು ತಾಮ್ರದ ಗಣಿಗಳಿಗೆ ಹೆಸರಾದದ್ದು. ಅಲ್ಲಿ ಕೆಲಸ ಕಡಿಮೆಯಾದಾಗ ಅಲ್ಲಿನ ಗಣಿಗಾರರು ಜಗತ್ತಿನ ಮೂಲೆಮೂಲೆಗೆ ಹೋದರು. ಅವರಲ್ಲಿ ಕೆಲವರು ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದು ಮೇಲ್ವಿಚಾರಕರಾದರು. ಕೆಳಗೆ ಇಳಿದವರು ಬಹುಪಾಲು ತಮಿಳು ದಲಿತರು. ಕಾರ್ನ್‌ವಾಲ್‌ನ ಹಳೆಯ ಎಂಜಿನ್ ಮನೆಗಳಿಗೆ 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಉಳಿದದ್ದು ಸಯನೈಡ್ ಮಣ್ಣಿನ ಗುಡ್ಡಗಳು. ನಾಳೆ ಯಾರಾದರೂ ಅಲ್ಲಿನ ಶಾಫ್ಟ್‌ಗಳ ಕಬ್ಬಿಣಕ್ಕೆ ಬಣ್ಣ ಬಳಿದು, ಟಿಕೆಟ್ ಇಟ್ಟು, ‘ಇಂಗ್ಲಿಷರ ಕಾಲದ ಅದ್ಭುತ’ ಎಂದು ಫಲಕ ಹಾಕಿದರೆ ನಮ್ಮ ಮಿತ್ರರು ಅಲ್ಲಿಯೂ ಟೋಪಿ ಹಾಕಿಕೊಂಡು ನಿಲ್ಲುತ್ತಾರೆಯೇ?

ಉರ್ದುವಿನಲ್ಲಿ ‘ಕಲಈ ಖುಲ್‌ನಾ’ ಎಂಬ ನುಡಿಗಟ್ಟಿದೆ. ಕಲಾಯಿ ಕಿತ್ತು ಒಳಗಿನ ತಾಮ್ರ ಕಾಣುವುದು, ಅಂದರೆ ಗುಟ್ಟು ಬಯಲಾಗುವುದು. ತವರಕ್ಕೇ ಬೆಲೆ ಇಲ್ಲದ ದಿನವೂ ಬಂತು. 1985ರ ಅಕ್ಟೋಬರ್ 24ರಂದು ಬೆಲೆಯನ್ನು ಎತ್ತಿ ಹಿಡಿದಿದ್ದ ಅಂತಾರಾಷ್ಟ್ರೀಯ ತವರ ಮಂಡಳಿಯ ಕೈ ಬರಿದಾಯಿತು, ಬೆಲೆ ನೆಲಕಚ್ಚಿತು. ಕಿಂತಾದ ಗಣಿಗಳು ಸಾಲುಸಾಲಾಗಿ ಮುಚ್ಚಿದವು. ಗಣಿಯ ಗುಂಡಿಗಳೆಲ್ಲ ಕೆರೆಗಳಾದವು. ನಮ್ಮ ಫೋನುಗಳ ಒಳಗಿನ ಬೆಸುಗೆಗೆ ಇಂದೂ ತವರ ಬೇಕು. ಇಂಡೋನೇಷ್ಯಾದ ಬಾಂಕಾ ದ್ವೀಪದ ಸುತ್ತ ಕಡಲ ತಳವನ್ನೇ ಬಗೆಯುತ್ತಿದ್ದಾರೆ, ಮೀನುಗಾರರು ಬೊಬ್ಬೆ ಹಾಕುತ್ತಿದ್ದಾರೆ. ಯಂತ್ರದ ಚಿತ್ರವನ್ನು ಮಿತ್ರರು ತೋರಿಸಿದ್ದೂ ಅಂಥದೇ ಒಂದು ಫೋನಿನಲ್ಲಿ.

ಆ ಹಬ್ಬದ ಮಾತುಕತೆಯಾಗಿ ಕೆಲವು ದಿನಗಳ ನಂತರ ನಮಗೆ ನಮ್ಮ ಮೊಹಲ್ಲಾದ ಕಲಾಯಿ ಚಾಚಾ ನೆನಪಾದರು. ನಾವು ಚಿಕ್ಕವರಿದ್ದಾಗ ವರ್ಷಕ್ಕೆ ಎರಡು ಸಲ ಅವರು ಮಸೀದಿಯ ಪಕ್ಕದ ಬೇವಿನ ಮರದ ಕೆಳಗೆ ನೆಲ ತೋಡಿ ಒಲೆ ಹಾಕುತ್ತಿದ್ದರು. ಚರ್ಮದ ತಿದಿ ಒತ್ತುವ ಕೆಲಸಕ್ಕೆ ನಾವು ಹುಡುಗರು ಪಾಳಿ ಹಚ್ಚುತ್ತಿದ್ದೆವು. ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದೊಡನೆ ಬಿಳಿ ಹೊಗೆ ಏಳುತ್ತಿತ್ತು. ಚಾಚಾ ತವರದ ಕಡ್ಡಿಯನ್ನು ಒಮ್ಮೆ ಮುಟ್ಟಿಸಿ ಅರಳೆಯಿಂದ ಸರ್ರನೆ ಒರೆಸಿದರೆ ಕಪ್ಪು ಪಾತ್ರೆಯ ಹೊಟ್ಟೆ ಬೆಳದಿಂಗಳಂತೆ ಬೆಳಗುತ್ತಿತ್ತು. ಹಿಂದೂ ಮುಸ್ಲಿಂ ಎನ್ನದೆ ಇಡೀ ಬೀದಿಯ ಪಾತ್ರೆಗಳು ಅವರ ಮುಂದೆ ಸಾಲಾಗಿ ಕೂತಿರುತ್ತಿದ್ದವು. ಸ್ಟೀಲು ಬಂದ ಮೇಲೆ ಬೀದಿಯ ಪಾತ್ರೆಗಳು ನಿಂತವು. ಮದುವೆಯ ಬಿರಿಯಾನಿಯ ದೇಗುಗಳು ಮಾತ್ರ ಉಳಿದಿದ್ದವು. ಈಗ ಅವೂ ಅಲ್ಯುಮಿನಿಯಂ.

ಚಾಚಾ ಈಗ ಮಗನ ಮನೆಯ ಜಗಲಿಯಲ್ಲಿ ಕೂತಿರುತ್ತಾರೆ. ಕಣ್ಣು ಮಂಜಾಗಿದೆ. ಸಲಾಂ ಹೇಳಿ ಕೂತು, ತವರ ಎಲ್ಲಿಂದ ತರುತ್ತಿದ್ದಿರಿ ಚಾಚಾ ಎಂದು ಕೇಳಿದೆವು. ‘ಪೇಟೆಯಿಂದ ಬೇಟಾ, ಇನ್ನೆಲ್ಲಿಂದ?’ ಎಂದರು. ನಿಮ್ಮ ತಿದಿ ಇದೆಯೇ, ಒಮ್ಮೆ ನೋಡಬೇಕಿತ್ತು ಎಂದೆವು.

‘ಚರ್ಮ ಇಲಿ ತಿಂದುಹೋಗಿತ್ತು. ನಳಿಗೆ, ಇಕ್ಕಳ ಎಲ್ಲ ಗುಜರಿಯವನಿಗೆ ಹಾಕಿಬಿಟ್ಟೆ.’

‘ಎಷ್ಟು ತೂಕ ಬಂತು?’

‘ಎಲ್ಲಾ ಸೇರಿ ಎರಡು ಕೇಜಿನೂ ಬರಲಿಲ್ಲ’ ಎಂದರು.